ಜೂನ್ ಒಂದರ ಮಂದಿ

ಇತಿಹಾಸಕ್ಕೆ ಎಷ್ಟೇ ವರ್ಷ ತುಂಬಲಿ, ಯಾರ ಮೈಗೂ ತಾಗುವುದಿಲ್ಲ. 1565ರ ಜನವರಿ 23ರಂದು ನಮ್ಮ ಜಿಲ್ಲೆಯ ಮುದ್ದೇಬಿಹಾಳದ ಸೀಮೆಯಲ್ಲಿ ವಿಜಯನಗರದ ಬೆನ್ನು ಮುರಿದ ಯುದ್ಧ ನಡೆಯಿತು. ಸಾಲಿಯಲ್ಲಿ ಅದನ್ನು ತಾಳಿಕೋಟೆ ಯುದ್ಧ ಎಂದು ಬಾಯಿಪಾಠ ಮಾಡಿದೆವು. ಆಮೇಲೆ ಅಲ್ಲ, ಅದು ರಕ್ಕಸಗಿ-ತಂಗಡಗಿ ಯುದ್ಧ ಎಂದರು. ಬನ್ನಿಹಟ್ಟಿ ಎಂದು ವಾದಿಸುವ ಪಂಡಿತರೂ ಇದ್ದಾರೆ. ಸೋತ ಯುದ್ಧಕ್ಕೆ ಇಷ್ಟು ಮಂದಿ ವಾರಸುದಾರರು! ಅದಿರಲಿ, 2025ರಲ್ಲಿ ಅದಕ್ಕೆ ನಾನೂರ ಅರವತ್ತು ತುಂಬಿದಾಗ 'ಅಯ್ಯೋ, ಇಷ್ಟು ಬೇಗ ಆತೇನ' ಎಂದು ಕನ್ನಡಿ ಮುಂದೆ ನಿಂತು ತಲೆ ತಡವಿಕೊಂಡವರನ್ನು ನಾನಂತೂ ಕಾಣೆ. ಗೋಳಗುಮ್ಮಟವನ್ನು ಕಟ್ಟಿಸಿದ ಮುಹಮ್ಮದ್ ಆದಿಲ್ ಷಾ ತೀರಿಕೊಂಡದ್ದು 1656ರಲ್ಲಿ. 2056ಕ್ಕೆ ಅದರ ನಾನೂರನೇ ವರ್ಷ. ಅದರ ಖರ್ಚುವೆಚ್ಚ, ಹಾರತುರಾಯಿ, ಭಾಷಣ ಎಲ್ಲ ಮೊಮ್ಮಕ್ಕಳ ಪಾಲಿಗೆ.

ಸಿನಿಮಾದ್ದು ಹಾಗಲ್ಲ. 2025ರ ಮೇ ತಿಂಗಳಲ್ಲಿ 'ಓಂ' ಚಿತ್ರಕ್ಕೆ ಮೂವತ್ತು ವರ್ಷ ಎಂದು ಮೊಬೈಲಿನಲ್ಲಿ ಬಂದಾಗ ನಮ್ಮೂರು ಲಚ್ಯಾಣದ ಚಾದಂಗಡಿ ಕಟ್ಟೆಯ ಮೇಲೆ ಕೂತಿದ್ದ ನಮ್ಮ ವಾರಿಗೆಯವರೆಲ್ಲ ಒಮ್ಮೆಲೇ ಸುಮ್ಮನಾದರು. ಕೂದಲು ಉದ್ದ ಬಿಟ್ಟು, ಅಂಗಿಯ ಗುಂಡಿ ಬಿಚ್ಚಿಕೊಂಡು, ಶಿವರಾಜಕುಮಾರರ ಹಾಗೆ ಸ್ಟೇಷನ್ನಿನ ತನಕ ನಡೆದು ಹೋದವರು ಇವರೇ. ಈಗ ಒಬ್ಬನಿಗೆ ಬಿಡಲು ಕೂದಲೇ ಇಲ್ಲ, ಇನ್ನೊಬ್ಬನಿಗೆ ಗುಂಡಿ ಬಿಚ್ಚಿದರೆ ಹೊಟ್ಟೆ ಹೊರಗೆ ಬರುತ್ತದೆ. ಅದೇ ಆಗಸ್ಟ್ 15ಕ್ಕೆ 'ಶೋಲೆ'ಗೆ ಐವತ್ತು. ಅದನ್ನು ತೆಗೆದ ರಾಮನಗರದ ಬಂಡೆಗಳಿಗೆ ವಯಸ್ಸಾದದ್ದು ಕಾಣುವುದಿಲ್ಲ, ನೋಡಿದವರಿಗೆ ಕಾಣುತ್ತದೆ. ಯುದ್ಧದ ವರ್ಷ ಎಣಿಸಿದರೆ ರಾಜರ ವಯಸ್ಸು ತಿಳಿಯುತ್ತದೆ, ಸಿನಿಮಾದ ವರ್ಷ ಎಣಿಸಿದರೆ ನಮ್ಮದು. ಇಂಥ ಸುದ್ದಿ ಹಾಕುವ ಮುಂಚೆ ಪತ್ರಿಕೆಯವರು ವೈದ್ಯರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಇದರಿಂದ ಕೂದಲೂ ಕೊಂಕದೆ ಪಾರಾದವನೆಂದರೆ ನಮ್ಮ ಮುತ್ಯಾ. 2022ರಲ್ಲಿ ಪೇಪರ್ ಹಿಡಿದುಕೊಂಡು ಹೋಗಿ, "ಮುತ್ಯಾ, ಬಂಗಾರದ ಮನುಷ್ಯಕ್ಕ ಐವತ್ತು ವರ್ಷ ಆತಂತ" ಎಂದೆ.

"ಯಾರ್ ಹೇಳ್ಯಾರ?"

"ಪೇಪರಿನ್ಯಾಗ ಬಂದದ."

"ಅವ್ರಿಗೇನ್ ಗೊತ್ತು? ನಾ ಅದನ್ನ ನೋಡಿದ್ದು ನಿಮ್ಮ ಸಣ್ಣತ್ತಿ ಹುಟ್ಟಿದ ಮ್ಯಾಲ. ಅಕಿಗಿ ಇನ್ನಾ ನಲವತ್ತೆಂಟು."

ತಕರಾರು ಮಾಡಲು ಬರುವಂತಿರಲಿಲ್ಲ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಆ ಚಿತ್ರ ಎರಡು ವರ್ಷ ಓಡಿತು. ಅಲ್ಲಿ ಓಡಿ ಓಡಿ ದಣಿದ ಮೇಲೆ ತಾನೇ ನಮ್ಮ ಕಡೆಯ ಟೂರಿಂಗ್ ಟಾಕೀಸಿನ ತಂಬುವಿಗೆ ಬಂದು ಕೂಡಬೇಕು? ಅಂದಮೇಲೆ ಬೆಂಗಳೂರಿನ ಸುವರ್ಣ ಮಹೋತ್ಸವಕ್ಕೂ ಲಚ್ಯಾಣದ ಸುವರ್ಣ ಮಹೋತ್ಸವಕ್ಕೂ ಎರಡು-ಮೂರು ವರ್ಷ ಅಂತರ ಇರುವುದೇ ನ್ಯಾಯ. ಅಷ್ಟರ ಮಟ್ಟಿಗೆ ನಮ್ಮೂರವರು ಬೆಂಗಳೂರಿನವರಿಗಿಂತ ಸಣ್ಣವರು.

ಆ ಚಿತ್ರ ತೆರೆಕಂಡದ್ದು 1972ರ ಮಾರ್ಚ್ 31ಕ್ಕೆ. ತೆರೆಯ ಮೇಲೆ ರಾಜಕುಮಾರ್ ಕಲ್ಲುಭೂಮಿ ಹದ ಮಾಡಿ ಬಂಗಾರ ಬೆಳೆಯುತ್ತಿದ್ದ ಆ ವರ್ಷವೇ ನಮ್ಮ ಸೀಮೆಗೆ ದೊಡ್ಡ ಬರ ಬಿತ್ತು. ಆಯಿ ಸಿನಿಮಾದ ಹೆಸರು ಎತ್ತುತ್ತಿರಲಿಲ್ಲ. ಅವಳ ಪಂಚಾಂಗದಲ್ಲಿ ಅದು 'ಕೆಂಪು ಜ್ವಾಳ ತಿಂದ ವರ್ಷ'. ಯಾರ ಮದುವೆ, ಯಾರ ಬಾಣಂತನ, ಯಾವ ಎತ್ತು ಸತ್ತದ್ದು, ಎಲ್ಲವೂ ಬರದ ಆಚೆ ಅಥವಾ ಈಚೆ. ಮುತ್ಯಾ ಮಾತ್ರ ಎರಡನ್ನೂ ಕೂಡಿಸಿ ಹೇಳುತ್ತಿದ್ದ: "ಅವಂದು ಬರೇ ಕಲ್ಲ ಇತ್ತು, ನಮ್ದು ಎರಿ ಇತ್ತು. ಅವಾ ಬೆಳದಾ, ನಾವ್ ಕುಂತ್ವಿ. ಮಳಿ ಡೈರೆಕ್ಟರನ ಕೈಯಾಗ ಇದ್ರ ನಾವೂ ಬೆಳೀತಿದ್ವಿ."

ಮಳೆಯ ಮಾತು ಬಂತು. 'ಮುಂಗಾರು ಮಳೆ' ಬಿಡುಗಡೆಯಾದದ್ದು 2006ರ ಡಿಸೆಂಬರ್ 29ಕ್ಕೆ. ಡಿಸೆಂಬರಿನಲ್ಲಿ ಮುಂಗಾರು! ನಮ್ಮ ರೈತರಿಗೆ ಇದೇನೂ ಹೊಸದಲ್ಲ, ಇಲ್ಲಿ ಮಳೆ ಯಾವತ್ತೂ ಹಾಗೆಯೇ. ಅದೇ ವರ್ಷ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಆಲಮಟ್ಟಿ ಅಣೆಕಟ್ಟನ್ನು ಲೋಕಾರ್ಪಣೆ ಮಾಡಿದರು. ಅಡಿಗಲ್ಲು ಇಟ್ಟವರು ಲಾಲ್ ಬಹಾದ್ದೂರ್ ಶಾಸ್ತ್ರಿ, 1964ರ ಮೇ 22ಕ್ಕೆ. ನಡುವೆ ನಲವತ್ತೆರಡು ವರ್ಷ. ಈಗ ಆಲಮಟ್ಟಿಯ ವಯಸ್ಸನ್ನು ಎಲ್ಲಿಂದ ಎಣಿಸಬೇಕು? ಅಡಿಗಲ್ಲಿನಿಂದ ಎಣಿಸಿದರೆ ಅದು ಆಗಲೇ ನಿವೃತ್ತ, ಲೋಕಾರ್ಪಣೆಯಿಂದ ಎಣಿಸಿದರೆ ಇನ್ನೂ ಕಾಲೇಜು ಹುಡುಗ. ಹುಟ್ಟುಹಬ್ಬ ಮಾಡುವ ಮುಂಚೆಯೇ ಜನ್ಮದಾಖಲೆ ತಕರಾರು.

ಬಸವಣ್ಣನವರಿಗೆ ಈ ತಂಟೆಯಿಲ್ಲ. ಬಾಗೇವಾಡಿಯ ಆ ಮಗನ ಜಯಂತಿ ಅಕ್ಷಯ ತೃತೀಯೆಗೆ ಬರುತ್ತದೆ. ಒಮ್ಮೆ ಏಪ್ರಿಲ್ ಎಂದರೆ ಒಮ್ಮೆ ಮೇ. ಇಸವಿ ಕೇಳಿದರೆ ಪಂಡಿತರು ಜಗಳಕ್ಕೆ ನಿಲ್ಲುತ್ತಾರೆ, ಎತ್ತಿನ ಕೋಡಿಗೆ ಬಣ್ಣ ಹಚ್ಚುವವನಿಗೆ ಇಸವಿ ಬೇಕಾಗಿಲ್ಲ. ರೈಲಿನದೂ ಅದೇ ಕತೆ. ನಮ್ಮೂರ ಮೇಲೆ ಹಾಯುವ ಹೋಟಗಿ-ಗದಗ ರೈಲು ಹಳಿ 1884ರದು. 2024ರಲ್ಲಿ ಅದಕ್ಕೆ ನೂರಾ ನಲವತ್ತು ತುಂಬಿತು. ನಮ್ಮ ಕಟ್ಟೆಯ ಮೇಲಂತೂ ಅದರ ಸುದ್ದಿ ಬರಲಿಲ್ಲ. ಸೊಲ್ಲಾಪುರದ ಗಾಡಿ ಬಂತೇನು ಎಂದು ಕೇಳಿದವರೇ ಹೆಚ್ಚು.

ನಮ್ಮೂರಲ್ಲಿ ತಪ್ಪದೆ ಬರುವ ದೊಡ್ಡ ವಾರ್ಷಿಕೋತ್ಸವ ಬೇರೆಯೇ ಇದೆ: ಜೂನ್ ಒಂದು. ಅವತ್ತು ಅರ್ಧ ಊರಿನ ಹುಟ್ಟುಹಬ್ಬ. ಹೊಲದಿಂದ ನೇರವಾಗಿ ಕರೆತಂದ ಹುಡುಗನ ವಯಸ್ಸು ಕೇಳಿದರೆ ತಾಯಿ "ಕಾರಹುಣ್ಣಿವಿ ಮುಂದ ಹುಟ್ಟ್ಯಾನ್ರಿ" ಎನ್ನುತ್ತಿದ್ದಳು. ಮಾಸ್ತರರು ಹುಡುಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಸಾಲಿಗೆ ಸೇರುವ ವಯಸ್ಸಿಗೆ ಸರಿಹೋಗುವಂತೆ ಒಂದು-ಆರು ಎಂದು ಬರೆದು ಮುಗಿಸುತ್ತಿದ್ದರು. ಹೀಗಾಗಿ ಸರಕಾರಿ ನೌಕರಿ ಹಿಡಿದ ನಮ್ಮವರೆಲ್ಲ ಮೇ 31ಕ್ಕೆ ಒಟ್ಟಿಗೇ ನಿವೃತ್ತರಾಗುತ್ತಾರೆ. ಅವತ್ತು ಪೇಟೆಯಲ್ಲಿ ಶಾಲಿನ ದರ ಏರುತ್ತದೆ. ಮರುದಿನ ಫೋನು ತೆರೆದರೆ ಸಾಕು, ಮಾವ, ಮಾವನ ಮಗ, ಮಾವನ ಜೊತೆ ಮಾತು ಬಿಟ್ಟ ಪಕ್ಕದ ಮನೆಯವ, ಎಲ್ಲರಿಗೂ ಶುಭಾಶಯ ಕೋರು ಎಂದು ಅದು ಗಂಟು ಬೀಳುತ್ತದೆ.

ಹೋದ ಜೂನಿಗೆ ನಮ್ಮ ಹುಡುಗರು ವಂತಿಗೆ ಕೂಡಿಸಿ ಇಂಡಿ ಪಟ್ಟಣದ ಬೇಕರಿಗೆ ಹೋಗಿ ದೊಡ್ಡ ಕೇಕು ಹೇಳಿದರು. ಬರೆಯಬೇಕಾದ ಹೆಸರುಗಳ ಚೀಟಿ ಕೊಟ್ಟರು. ಬೇಕರಿಯಣ್ಣ ಚೀಟಿಯ ಮುಂಭಾಗ ಓದಿ, ಹಿಂಭಾಗವನ್ನೂ ಓದಿ ಹೇಳಿದ:

"ಇಷ್ಟ ಹೆಸ್ರ ಬರದ್ರ ಕೇಕ್ ಕಾಣೂದಿಲ್ರೀ. 'ಲಚ್ಯಾಣ' ಅಂತ ಬರೀತೀನಿ, ತಗೊಂಡ್ ಹೋಗ್ರಿ."