ಕಿಡಿಗೆ ಹೆದರಿ ಹೊಗೆಗೆ ನಕ್ಕವರು
ವೆಲ್ಡಿಂಗ್ ಜನರೇಟರ್ ಎಂದರೆ ಎಲ್ಲರಿಗೂ ಕಿಡಿಯದೇ ಭಯ. ಕಿಡಿ ಪಾಪ, ಚಟಪಟ ಎಂದು ಹೇಳಿಯೇ ಬರುತ್ತದೆ. ಎಂಜಿನ್ನು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೇಳಿ ಬರುವ ಸೌಜನ್ಯವಂತೂ ಇಲ್ಲವೇ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅದರಿಂದ ತಲೆನೋವು ಬಂದಾಗ ನಾವು ಬೈಯುವುದು ಮಾತ್ರ ಬಿಸಿಲನ್ನು, ಇಲ್ಲವೇ ಮಾಲೀಕನನ್ನು. ಅಂಗಡಿಯೊಳಗೇ ಯಂತ್ರ ಓಡಿಸಿ, “ಶಟರ್ ಅರ್ಧ ತೆಗೆದಿದೆಯಲ್ಲ ಸ್ವಾಮಿ” ಎನ್ನುವವರಿದ್ದಾರೆ. ಅರ್ಧ ಶಟರ್ ಬೆಕ್ಕು ಬರಲು ಸಾಕು, ಹೊಗೆ ಹೋಗಲು ಸಾಲದು. ಯಂತ್ರ ಹೊರಗೇ ಓಡಬೇಕು. ಮಳೆ ಬಂದರೆ? ಒಪ್ಪತಕ್ಕ ಆಕ್ಷೇಪಣೆಯೇ; ನೆನೆದ ಯಂತ್ರ ಶಾಕ್ ಹೊಡೆದೀತು. ಅದಕ್ಕೆ ಮದ್ದು ಕೆಲಸ ನಿಲ್ಲಿಸುವುದು, ಯಂತ್ರವನ್ನು ಒಳಗೆಳೆದು ಓಡಿಸುವುದಲ್ಲ. ಇನ್ನು ಪೆಟ್ರೋಲು: ಎಂಜಿನ್ ಆರಿಸಿ, ತಣಿದ ಮೇಲೆ ತುಂಬಿಸಿ. ಬೀಡಿಯನ್ನು ದೂರ ಹೋಗಿ ಹಚ್ಚಿ, ದಯವಿಟ್ಟು.