ಮುರ್ಡೇಶ್ವರ ಸುತ್ತು: ಬಳಸುವ ವಿಧಾನ

ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ, ಮಡಚಿ ಚೀಲಕ್ಕೆ ಹಾಕಿ. ದಾರಿಯಲ್ಲಿ ಇದು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಎದುರು ಸಿಕ್ಕವರು ಹೇಳಿದ್ದೇ ದಾರಿ.

ಪೊಟ್ಟಣದೊಳಗೆ ಇರುವುದು: ಮುರ್ಡೇಶ್ವರದ ಕಡಲು, ಬಸ್ತಿ, ಕಾಯ್ಕಿಣಿ, ಶಿರಾಲಿ, ಚಿತ್ರಾಪುರದ ಒಂದು ಕೆರೆ. ಹೋಗುವುದು ಕಾಲಲ್ಲಿ, ಬರುವುದು ಟೆಂಪೋದಲ್ಲಿ. ಅರ್ಧ ದಾರಿ ಟೆಂಪೋ ಹತ್ತಿದರೆ ಅದು ಸುತ್ತು ಹೇಗಾಯಿತು ಎಂದು ತಕರಾರು ತೆಗೆಯುವವರಿಗೆ ಉತ್ತರ: ಹೊರಟಲ್ಲಿಗೇ ಬಂದು ಮುಟ್ಟಿದರೆ ಸುತ್ತು. ಗಾಲಿಯೋ ಕಾಲೋ ಎಂದು ಯಾರೂ ಕೇಳುವುದಿಲ್ಲ.

ಎಚ್ಚರಿಕೆ. ಚೀಲವನ್ನು ನೆಲಕ್ಕೆ ಇಡಬೇಡಿ. ಈ ಕರಾವಳಿಯಲ್ಲಿ ಒಮ್ಮೆ ಇಟ್ಟದ್ದು ಮತ್ತೆ ಮೇಲೇಳುವುದಿಲ್ಲ. ರಾವಣನಂಥ ರಾವಣ ಸಂಧ್ಯಾವಂದನೆಗೆಂದು ಆತ್ಮಲಿಂಗವನ್ನು ಒಬ್ಬ ಹುಡುಗನ ಕೈಗೆ ಕೊಟ್ಟ. ಹುಡುಗ ಮೂರು ಸಲ ಕರೆದ, ಇವನು ಬರಲಿಲ್ಲ, ಲಿಂಗ ಗೋಕರ್ಣದ ನೆಲ ಸೇರಿತು. ಸಿಟ್ಟಿನಲ್ಲಿ ಎಳೆದಾಡಿ ಎಸೆದದ್ದರಲ್ಲಿ ಮೇಲೆ ಹೊದೆಸಿದ್ದ ಬಟ್ಟೆ ಬಂದು ಬಿದ್ದದ್ದು ಇಲ್ಲಿನ ಕಂದುಕಗಿರಿಯಲ್ಲಿ. ಆದ್ದರಿಂದ ‘ಚೀಲ ಕೊಡಿ, ನಾನು ಹಿಡ್ಕೊಳ್ತೆ’ ಎನ್ನುವ ಹುಡುಗರಿದ್ದರೆ ಹೊಟ್ಟೆಯ ಗಾತ್ರ ನೋಡಿಕೊಂಡು ಕೊಡಿ.

ಶುರು ಮಾಡುವ ಕ್ರಮ. 123 ಅಡಿಯ ಶಿವನ ಎದುರು ನಿಂತು, ಎಲ್ಲರ ಹಾಗೆ ಫೋಟೋ ತೆಗೆದು, ಕೈ ಮುಗಿಯಿರಿ. ಬೇಕಿದ್ದರೆ ಲಿಫ್ಟಿನಲ್ಲಿ 237 ಅಡಿಯ ರಾಜಗೋಪುರ ಹತ್ತಿ ಇಡೀ ದಾರಿಯನ್ನು ಮೇಲಿನಿಂದಲೇ ನೋಡಿ ಮುಗಿಸಬಹುದು. ಹೆಚ್ಚಿನವರು ಹಾಗೇ ಮಾಡಿ ಬಸ್ಸು ಹತ್ತುತ್ತಾರೆ. ನೀವು ಮಾತ್ರ ಕಡಲಿಗೆ ಬೆನ್ನು ಹಾಕಿ ಹೊರಡಿ. ಮುಂದೆ ದಿಕ್ಕು ತಪ್ಪಿದರೆ ತೆಂಗಿನ ತಲೆಗಳ ಮೇಲೆ ಗೋಪುರದ ತಲೆ ಕಾಣುತ್ತದೆಯೋ ನೋಡಿ. ಅದು ಕಂಡ ಕಡೆ ಪಡುವಣ. ಆರ್. ಎನ್. ಶೆಟ್ಟರು ಅದನ್ನು ಭಕ್ತರಿಗಾಗಿ ಕಟ್ಟಿಸಿದರು, ದಾರಿ ತಪ್ಪಿದವರಿಗೂ ಆಯಿತು.

ಇನ್ನು ಈ ಯಂತ್ರದ ಅತ್ಯಂತ ನಾಜೂಕಾದ ಭಾಗ: ಪ್ರಶ್ನೆ. ನಡೆಯಲು ತೊಡಗಿದ ಹತ್ತು ನಿಮಿಷದೊಳಗೆ ಅದು ತಾನಾಗಿಯೇ ಚಾಲೂ ಆಗುತ್ತದೆ.

‘ಎಲ್ಲಿಗೆ ಹೋಗುದು?’

‘ಹೀಗೇ, ಸುಮ್ಮನೆ.’

‘ಗಾಡಿಗೆ ಎಂತ ಆಯ್ತು?’

‘ಗಾಡಿ ಇಲ್ಲ. ನಡೀಲಿಕ್ಕೇ ಬಂದದ್ದು.’

‘ಸುಮ್ಮನೆ ನಡೀಲಿಕ್ಕೆ? ಎಂತಕೆ ಮಾರಾಯ್ರೆ?’

‘ಸುಮ್ಮನೆ’ ಎಂಬ ಉತ್ತರವನ್ನು ಈ ದಾರಿಯಲ್ಲಿ ಬಳಸಬಾರದು. ಇಲ್ಲಿ ಮೀನು ತರುವವರು, ಸೊಪ್ಪಿನ ಹೊರೆ ಹೊತ್ತವರು, ದನ ಹುಡುಕುವವರು ನಡೆಯುತ್ತಾರೆ. ಕಾರಣವಿಲ್ಲದೆ ನಡೆಯುವವನು ಒಂದೋ ಜಾಗ ನೋಡಲು ಬಂದ ದಲ್ಲಾಳಿ, ಇಲ್ಲವೇ ಸರ್ವೆಯವನು. ಎರಡೂ ಸಂಶಯ ನಿಮಗೆ ಒಳ್ಳೆಯದಲ್ಲ. ‘ಚಿತ್ರಾಪುರ ಮಠಕ್ಕೆ’ ಎನ್ನಿ. ತಕ್ಷಣ ಮುಖ ಸಡಿಲುತ್ತದೆ, ಜತೆಗೆ ಒಂದು ಒಳದಾರಿಯೂ ಸಿಗುತ್ತದೆ. ದೂರ ಎಷ್ಟೆಂದು ಮಾತ್ರ ಕೇಳಬೇಡಿ. ‘ಇಲ್ಲೇ’ ಎನ್ನುತ್ತಾರೆ. ಈ ‘ಇಲ್ಲೇ’ಯನ್ನು ಕಿಲೋಮೀಟರಿಗೆ ಬದಲಾಯಿಸುವ ಕೋಷ್ಟಕ ಇನ್ನೂ ಸಿದ್ಧವಾಗಿಲ್ಲ.

ಹೆದ್ದಾರಿ 66: ದಾಟಿ. ಬೇಗ ದಾಟಿ.

ಬಸ್ತಿ ಎಂಬ ಹೆಸರು ಕೇಳಿ ಜನವಸತಿ ಎಂದುಕೊಂಡರೆ ಅರ್ಧ ಇತಿಹಾಸ ಕೈತಪ್ಪುತ್ತದೆ. ಅದು ಬಸದಿ. ಸಂಗೀತಪುರವೆಂದು ಕರೆಸಿಕೊಂಡಿದ್ದ ಹಾಡುವಳ್ಳಿಯಲ್ಲೂ ಆಚೆ ಗೇರುಸೊಪ್ಪೆಯಲ್ಲೂ ಜೈನ ಅರಸುಮನೆಗಳಿದ್ದ ಸೀಮೆ ಇದು. ಘಟ್ಟದ ಮೆಣಸು ಬಂದರಿಗೆ ಇಳಿಯುತ್ತಿದ್ದ ದಾರಿ, ಆದ್ದರಿಂದ ಜಗಳದ ದಾರಿಯೂ ಹೌದು. ಈ ಸೀಮೆಯಲ್ಲಿ ವೀರಗಲ್ಲು ಕಂಡರೆ ಕೆಳಗಿನಿಂದ ಮೇಲಕ್ಕೆ ಓದಿ, ಪೇಪರ್ ಓದಿದ ಹಾಗಲ್ಲ. ಕೆಳಗಿನ ಅಂಕಣದಲ್ಲಿ ಹೊಡೆದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ದೇವರ ಸನ್ನಿಧಿ. ಸತ್ತವನಿಗೆ ಮೂರೇ ನಿಲ್ದಾಣ. ನಿಮಗೆ ಇನ್ನೂ ಹೆಚ್ಚಿವೆ.

ಕಾಯ್ಕಿಣಿ ಎಂಬ ಹೆಸರು ಕಂಡ ಕೂಡಲೇ ಜಯಂತ ಕಾಯ್ಕಿಣಿಯವರ ಮನೆ ಯಾವುದು ಎಂದು ಕೇಳಿ ನಗೆಪಾಟಲಾಗಬೇಡಿ. ಅವರು ಗೋಕರ್ಣದವರು. ಚಿತ್ರಾಪುರ ಸಾರಸ್ವತರು ಊರು ಬಿಡುವಾಗ ಗದ್ದೆ ಹೊತ್ತುಕೊಂಡು ಹೋಗಲಾಗದೆ ಊರಿನ ಹೆಸರನ್ನೇ ಹೊತ್ತುಕೊಂಡು ಹೋದರು. ಕೊಳಲಿನ ದೇವೇಂದ್ರ ಮುರ್ಡೇಶ್ವರರ ಹೆಸರಿನಲ್ಲಿ ನೀವು ಹೊರಟ ಊರಿದೆ. ದಕ್ಷಿಣಕ್ಕೆ ಹೋದರೆ ಗಿರೀಶರ ಕಾರ್ನಾಡು, ಶ್ಯಾಮರ ಬೆನೆಗಲ್. ಅವರು ಹೋಗಿ ನೆಲೆಸಿದ ಮುಂಬಯಿ ತಾಡದೇವದ ತಾಲ್ಮಕಿವಾಡಿಯಲ್ಲಿ ಬಾಗಿಲ ಫಲಕಗಳನ್ನು ಓದುತ್ತ ಹೋದರೆ ನಮ್ಮ ಕಂಡಕ್ಟರು ಸ್ಟಾಪು ಕೂಗಿದ ಹಾಗೆ ಕೇಳುತ್ತದೆ. ಮೊಣಕಾಲು ನೋವಿರುವವರು ಈ ಸುತ್ತನ್ನು ಅಲ್ಲಿಯೇ, ಮೆಟ್ಟಿಲ ಮೇಲೆಯೇ ಮುಗಿಸಿಕೊಳ್ಳಬಹುದು. ಆದರೆ ಅಲ್ಲಿ ಕೆರೆಯಿಲ್ಲ.

ಕೆರೆ ಇರುವುದು ಶಿರಾಲಿಯಲ್ಲಿ, ಚಿತ್ರಾಪುರ ಮಠದ ಹತ್ತಿರ. ಶಿವಗಂಗಾ ಸರೋವರವೆಂದು ಹೆಸರು. ಮಠದ ಪರಂಪರೆ ಹೇಳುವ ಕತೆ ನಿಮ್ಮಂಥ ದಾರಿಹೋಕರಿಗೆ ಧೈರ್ಯ ಕೊಡುವಂಥದ್ದು: ನಗರ ಸಂಸ್ಥಾನದ ಅರಸರ ಕಡೆಯವರು ಈ ಸಾರಸ್ವತರನ್ನು ‘ನಿಮ್ಮ ಗುರು ಯಾರು’ ಎಂದು ಕೇಳಿದರಂತೆ. ಇವರ ಬಳಿ ಉತ್ತರವಿಲ್ಲ. ಗೋಕರ್ಣಕ್ಕೆ ಹೋಗಿ ದೇವರ ಮೊರೆಹೊಕ್ಕಾಗ ಕೋಟಿತೀರ್ಥದ ದಡದಲ್ಲಿ ಪರಿಜ್ಞಾನಾಶ್ರಮರು ಸಿಕ್ಕರು. ಅದು 1708. ಎದುರು ಸಿಕ್ಕವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟು ಒಂದು ಗುರುಪೀಠವನ್ನೇ ಕಟ್ಟಿಕೊಂಡವರ ಊರಿದು. ‘ಎಲ್ಲಿಗೆ’ ಎಂಬುದಕ್ಕೆ ನೀವು ಬೆಳಿಗ್ಗೆ ತಡವರಿಸಿದ್ದು ದೊಡ್ಡ ತಪ್ಪೇನಲ್ಲ.

ಸರೋವರದ ಬಳಿ ಮಾತು ಬೇಡ, ಸೋಪು ಬೇಡ. ನೀರು ನೋಡುತ್ತ ಕೂರಿ.

ದೋಷಗಳು, ಪರಿಹಾರ. ಬಿಸಿಲು ಹೆಚ್ಚಾದರೆ ಅದು ನೀವು ಮಾರ್ಚಿನಲ್ಲಿ ಬಂದದ್ದರ ದೋಷ. ಜೂನಿನಲ್ಲಿ ಬಂದಿದ್ದರೆ ದಾರಿಯೂ ಕೆರೆಯೇ ಆಗಿರುತ್ತಿತ್ತು. ನಾಯಿ ಬೊಗಳಿದರೆ ನಿಲ್ಲಿ, ಒಳಗಿನಿಂದ ಯಾರಾದರೂ ಬಂದೇ ಬರುತ್ತಾರೆ. ಬಂದವರು ವಯಸ್ಸಾದ ಹೆಂಗಸಾಗಿದ್ದರೆ ನಿಮ್ಮ ಕತೆ ಅಲ್ಲಿಗೆ ಮುಗಿಯಿತು.

‘ಇಷ್ಟ್ ಬಿಸಲಿಗೆ ನಡ್ಕಂಡು ಬಂದ್ಯಾ ತಮ್ಮಾ? ಕೂತ್ಕ. ಕಷಾಯ ಮಾಡ್ತೆ.’

‘ಬೇಡ ಅಮ್ಮ, ಟೆಂಪೋ ಹೋಗ್ತದೆ.’

‘ಇನ್ನೊಂದ್ ಬತ್ತದೆ.’

ತಂಪಾದ ಜಗಲಿ, ಕೊತ್ತಂಬರಿ ಜೀರಿಗೆಯ ಬಿಸಿ ಕಷಾಯ, ತಟ್ಟೆಯಲ್ಲಿ ಬೆಲ್ಲ ಕಾಯಿ ಕಲೆಸಿದ ಅವಲಕ್ಕಿ. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ತಟ್ಟೆ. ಚೀಲವನ್ನು ಎಲ್ಲಿ ಇಡುವುದು ಎಂಬುದಕ್ಕೆ ಈ ಕೈಪಿಡಿಯಲ್ಲಿ ಪರಿಹಾರ ಕೊಟ್ಟಿಲ್ಲ. ರಸ್ತೆಯಲ್ಲಿ ಟೆಂಪೋದವನು ಹಾರ್ನ್ ಹೊಡೆದ. ಮತ್ತೊಮ್ಮೆ ಹೊಡೆದ. ಮೂರನೆಯ ಸಲಕ್ಕೆ ಎದ್ದು ನಿಂತಿರಿ, ಅಷ್ಟರಲ್ಲಿ ಅವರು ಲೋಟಕ್ಕೆ ಮತ್ತೆ ಬಗ್ಗಿಸಿ, ‘ನಿಮ್ದು ಯಾವ ಊರಾಯ್ತು?’ ಎಂದರು.