ಒಂದಗುಳು ರಾಯರು

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಹಿಚುಕಿದರೆ ಸಾಕು ಎನ್ನುವ ಮಾತನ್ನು ಅಡುಗೆಮನೆಯಿಂದ ಎತ್ತಿಕೊಂಡು ಬಂದು ಲೋಕಕ್ಕೆಲ್ಲ ಅನ್ವಯಿಸಿದವರು ನಮ್ಮ ಒಂಟಿಕೊಪ್ಪಲಿನ ರಾಯರು. ಮೈಸೂರಿನಲ್ಲಿ ಇಂಥವರು ಬೀದಿಗೊಬ್ಬರಿದ್ದಾರೆ. ಕುವೆಂಪುನಗರದಲ್ಲಿ ಅವರನ್ನು ಗೌಡರು ಎನ್ನುತ್ತಾರೆ, ಅಗ್ರಹಾರದಲ್ಲಿ ಶಾಸ್ತ್ರಿಗಳು ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ತಲೆಗೆ ಮಂಕಿ ಟೋಪಿ, ಕೈಯಲ್ಲಿ ಬಟ್ಟೆ ಚೀಲ, ನಾಲಗೆಯ ತುದಿಯಲ್ಲಿ ತೀರ್ಪು.

ಬ್ಯಾಂಕಿನ ನೌಕರಿಯಲ್ಲಿದ್ದಾಗ ಸಾಲ ಕೇಳಲು ಬಂದವನ ಕಾಗದಪತ್ರಕ್ಕಿಂತ ಮೊದಲು ಅವನ ಚಪ್ಪಲಿಯ ಹಿಮ್ಮಡಿ ನೋಡುತ್ತಿದ್ದರಂತೆ. ಸವೆದಿದ್ದರೆ ಓಡಾಡಿ ದುಡಿಯುವವನು, ಕೊಡಬಹುದು. ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದ ಪಾಪದವರು ಎಷ್ಟು ಜನ ಬರಿಗೈಯಲ್ಲಿ ಹೋದರೋ. ಕೊಡದೇ ಇದ್ದ ಸಾಲ ಮುಳುಗುವುದೂ ಇಲ್ಲ, ತೀರುವುದೂ ಇಲ್ಲ; ಹಾಗಾಗಿ ರಾಯರ ಸೂತ್ರ ಸೇವಾವಧಿಯುದ್ದಕ್ಕೂ ಒಮ್ಮೆಯೂ ಸುಳ್ಳಾಗಲಿಲ್ಲ.

ಅವರ ಪ್ರತಿಭೆ ನೋಡಬೇಕಾದರೆ ದೇವರಾಜ ಮಾರುಕಟ್ಟೆಗೆ ಜೊತೆಯಲ್ಲಿ ಹೋಗಬೇಕು. ಅಲ್ಲಿ ಮಲ್ಲಿಗೆ ಮೊಳದ ಲೆಕ್ಕ. ಮೊಳವೆಂದರೆ ಮಾರುವವರ ಮೊಣಕೈಯಿಂದ ಬೆರಳ ತುದಿಯವರೆಗೆ. ರಾಯರು ಹೂವು ನೋಡುವುದಿಲ್ಲ, ಬೆಲೆ ವಿಚಾರಿಸುವುದಿಲ್ಲ. ಸಾಲಿನುದ್ದಕ್ಕೂ ಕೈಗಳನ್ನೇ ನೋಡಿಕೊಂಡು ಹೋಗಿ, ಎಲ್ಲರಿಗಿಂತ ಉದ್ದ ಕೈಯವನ ಮುಂದೆ ನಿಲ್ಲುತ್ತಾರೆ. ಅವನು ಅಳೆಯುವಾಗ ಮಣಿಕಟ್ಟು ಮಡಿಸದಂತೆ ದುರುಗುಟ್ಟಿಕೊಂಡು ಕಾಯುತ್ತಾರೆ. ಮೊಳಕ್ಕೆ ನಾಲ್ಕು ಬೆರಳು ಹೂವು ಹೆಚ್ಚೇ ಬರುತ್ತದೆ. ಈ ಒಂದು ವಿಷಯದಲ್ಲಿ ನಾನು ಅವರ ಶಿಷ್ಯ.

ಆದರೆ ಹತ್ತು ಹೆಜ್ಜೆ ಆಚೆ, ರಸಬಾಳೆಯ ಅಂಗಡಿಯಲ್ಲಿ, ಸೂತ್ರ ಬದಲಾಗುತ್ತದೆ: ಹೇಳಿದ್ದರ ಅರ್ಧಕ್ಕೆ ಕೇಳು, ಮುಕ್ಕಾಲಿಗೆ ಒಪ್ಪು. ಹಣ್ಣಿನವನಿಗೆ ಇದು ಬಾಯಿಪಾಠ. ದೂರದಲ್ಲಿ ಮಂಕಿ ಟೋಪಿ ಕಂಡಕೂಡಲೇ ನೂರರ ಚಿಪ್ಪಿಗೆ ಇನ್ನೂರು ಎನ್ನುತ್ತಾನೆ. ರಾಯರು ವೀರಾವೇಶದಿಂದ ಚೌಕಾಸಿ ಮಾಡಿ, ಎರಡು ಸಲ ಹೊರಟು ಹೋದಂತೆ ನಟಿಸಿ, ನೂರೈವತ್ತಕ್ಕೆ ಗೆದ್ದು ಬರುತ್ತಾರೆ.

ಹೋಟೆಲಿಗೂ ಸೂತ್ರವಿದೆ. ಹೊರಗೆ ಕೆಎ 09 ಸ್ಕೂಟರುಗಳು ಹೆಚ್ಚಿದ್ದರೆ ದೋಸೆ ಚೆನ್ನಾಗಿರುತ್ತದೆ. ಹೊರರಾಜ್ಯದ ಕಾರುಗಳೇ ತುಂಬಿದ್ದರೆ ಅದು ಇನ್‌ಸ್ಟಾಗ್ರಾಂ ಹೋಟೆಲು. ಒಂದು ಸಂಜೆ ಸ್ಕೂಟರುಗಳ ರಾಶಿ ಕಂಡು ಸಂಸಾರ ಸಮೇತ ನುಗ್ಗಿದರು. ಒಳಗೆ ಮಾಣಿ, ಕ್ಯಾಷಿಯರ್ ಬಿಟ್ಟರೆ ನರಪಿಳ್ಳೆಯಿಲ್ಲ. ಸ್ಕೂಟರುಗಳೆಲ್ಲ ಮೇಲಿನ ಮಹಡಿಯ ಸಿಇಟಿ ಟ್ಯೂಷನ್ ಮಕ್ಕಳವು. ತಣ್ಣಗಿನ ದೋಸೆ ತಿಂದು ಬಂದ ರಾಯರು ಸೂತ್ರವನ್ನು ಕೈಬಿಡಲಿಲ್ಲ. ಒಂದು ತಿದ್ದುಪಡಿ ತಂದರು: ಮಹಡಿಯಿರುವ ಕಟ್ಟಡದಲ್ಲಿ ತಿನ್ನಬಾರದು.

ತಂಗಿಯ ಮಗಳಿಗೆ ಗಂಡು ನೋಡುವಾಗ ಮಾತ್ರ ವಿಷಯ ಸ್ವಲ್ಪ ಗಂಭೀರವಾಯಿತು. ಕಾಫಿ ಲೋಟವನ್ನು ಎತ್ತಿ ಕುಡಿಯುವ ಹುಡುಗ ಸಂಸ್ಕಾರವಂತ, ಕಚ್ಚಿ ಕುಡಿಯುವವನು ಉಡಾಫೆ ಎಂಬುದು ರಾಯರ ಸಿದ್ಧಾಂತ. ಬಂದ ಹುಡುಗ ಲೋಟವನ್ನು ತುಟಿಯ ಒಂದೇ ಪಕ್ಕಕ್ಕೆ ಒತ್ತಿಕೊಂಡು ಗುಟುಕರಿಸಿದ. ರಾಯರು ಅಡುಗೆಮನೆಗೆ ಬಂದು “ಬೇಡ” ಎಂದರು. ಅವನು ಹಿಂದಿನ ದಿನವಷ್ಟೇ ದವಡೆ ಹಲ್ಲು ಕೀಳಿಸಿಕೊಂಡಿದ್ದನೆಂದು ಆಮೇಲೆ ತಿಳಿಯಿತು. ಆಗ ಅವರ ಹೆಂಡತಿ ಹೇಳಿದ ಮಾತು ನನಗೆ ಇಷ್ಟವಾಯಿತು: “ಒಂದೇ ಅಕ್ಕಿ, ಒಂದೇ ಉರಿ ಆದ್ರೆ ಒಂದಗುಳು ಸಾಕು ಕಣ್ರೀ. ಹಳೇ ಅಕ್ಕಿಗೆ ಹೊಸ ಅಕ್ಕಿ ಬೆರೆಸಿದ್ರೆ ತಳದಿಂದಾನೂ ತೆಗೆದು ನೋಡ್ಬೇಕು.”

ಮಾನಸಗಂಗೋತ್ರಿಯಲ್ಲಿ ಮನಶ್ಶಾಸ್ತ್ರ ಓದುವ ಸೋದರಳಿಯನೊಬ್ಬ ಇದ್ದಾನೆ. “ಮಾವ, ನೀವು ಮಾಡೋದಕ್ಕೆ ಹ್ಯೂರಿಸ್ಟಿಕ್ ಅಂತಾರೆ” ಎಂದು ಶುರುಮಾಡಿದ. 1974ರಲ್ಲಿ ಡೇನಿಯಲ್ ಕಾನೆಮನ್, ಏಮೋಸ್ ಟ್ವೆರ್ಸ್ಕಿ ಎಂಬಿಬ್ಬರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು: ಮನಸ್ಸು ಒಳದಾರಿ ಹಿಡಿಯುತ್ತದೆ, ಬಹಳ ಸಲ ಉಪಯೋಗವೇ, ಆದರೆ ಎಡವುವಾಗ ಎಲ್ಲರೂ ಒಂದೇ ಜಾಗದಲ್ಲಿ ಎಡವುತ್ತಾರೆ. ರಾಯರು ತಲೆಯಾಡಿಸಿದರು. “ಎಡವೋದು ಬಿಡೋ, ದಾರಿ ಹತ್ತಿರ ಆಯ್ತೋ ಇಲ್ವೋ? ನಮಗೇ ಮನಶ್ಶಾಸ್ತ್ರ ಹೇಳ್ಕೊಡ್ತೀಯಾ? 1924ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಇಲ್ಲಿ ಆ ವಿಭಾಗ ಶುರುಮಾಡಿದ್ರು. 1935ರಲ್ಲಿ ಮನೆಯಿಂದಲೇ ‘ಆಕಾಶವಾಣಿ’ ರೇಡಿಯೋ ನಡೆಸಿದ್ರು. ಅವರ ಊರಿನೋನು ಕಣೋ ನಾನು!”

ಹುಡುಗ ಸೋಲದೆ, ಗೆರ್ಡ್ ಗಿಗೆರೆಂಜರ್ ಎಂಬ ಜರ್ಮನ್ ವಿದ್ವಾಂಸರ ಕತೆ ತೆಗೆದ. ಸ್ಯಾನ್ ಡಿಯಾಗೊ, ಸ್ಯಾನ್ ಆಂಟೋನಿಯೊ ಇವೆರಡರಲ್ಲಿ ದೊಡ್ಡ ಊರು ಯಾವುದು ಎಂದು ಕೇಳಿದಾಗ ಅಮೆರಿಕದ ವಿದ್ಯಾರ್ಥಿಗಳಿಗಿಂತ ಜರ್ಮನಿಯವರೇ ಹೆಚ್ಚು ಸರಿಯಾಗಿ ಸ್ಯಾನ್ ಡಿಯಾಗೊ ಎಂದರಂತೆ. ಕಾರಣ, ಅವರಲ್ಲಿ ಅನೇಕರು ಇನ್ನೊಂದು ಊರಿನ ಹೆಸರನ್ನೇ ಕೇಳಿರಲಿಲ್ಲ. ಕೇಳಿದ ಹೆಸರೇ ದೊಡ್ಡದಿರಬೇಕು ಎಂದುಕೊಂಡರು. ರಾಯರು ಎದ್ದು ನಿಂತರು. “ನೋಡಿದ್ಯಾ! ಗೊತ್ತಿಲ್ಲದೆ ಇರೋದರಲ್ಲೇ ಲಾಭ ಇರೋದು!” ಅಂದಿನಿಂದ ಅವರು ದಿನಪತ್ರಿಕೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗದ ಪ್ರಕಾರ ಕೊಟ್ಟಿರುವ ರಾಹುಕಾಲ, ತಲೆಬರಹ ಇಷ್ಟನ್ನೇ ಓದುತ್ತಿದ್ದಾರೆ.

ತಲೆಬರಹದಿಂದಲೇ ಚಿರತೆ ಬಂತು. 2024ರ ಡಿಸೆಂಬರ್ 31ರಂದು ಇನ್ಫೋಸಿಸ್ ಆವರಣದಲ್ಲಿ ಚಿರತೆ ಕಾಣಿಸಿಕೊಂಡು ಉದ್ಯೋಗಿಗಳಿಗೆಲ್ಲ ಮನೆಯಿಂದಲೇ ಕೆಲಸ ಮಾಡಿ ಎಂದರಲ್ಲ, ಮಾರನೆಯ ದಿನದಿಂದ ರಾಯರ ಕುಕ್ಕರಹಳ್ಳಿ ಕೆರೆ ವಾಕಿಂಗ್ ಬಂದ್. ಪ್ರಾಣಕ್ಕಿಂತ ವಾಕಿಂಗ್ ಹೆಚ್ಚೇ? ಅದರ ಬದಲು ಬೆಳಗಿನ ತಂಪು ಗಾಳಿಗೆಂದು ಹುಣಸೂರು ರಸ್ತೆಯಲ್ಲಿ ಸ್ಕೂಟರ್ ಸವಾರಿ, ಬಸ್ಸು ಲಾರಿಗಳ ನಡುವೆ. ಹೆಲ್ಮೆಟ್ಟು ಹ್ಯಾಂಡಲಿಗೆ ನೇತುಬಿದ್ದಿರುತ್ತದೆ.

ಮೊನ್ನೆ ಕಣ್ಣಿನ ಪೊರೆ ತೆಗೆಸಿಕೊಂಡರು. ಆಸ್ಪತ್ರೆಯಲ್ಲಿ ಮೂರು ಬೆಲೆಯ ಮೂರು ಲೆನ್ಸಿನ ಪಟ್ಟಿ ಮುಂದಿಟ್ಟರು. ರಾಯರು ಒಂದು ಪ್ರಶ್ನೆಯನ್ನೂ ಕೇಳದೆ ನಡುವಿನದರ ಮೇಲೆ ಬೆರಳಿಟ್ಟರು: ಅಗ್ಗದ್ದು ಕಳಪೆ, ದುಬಾರಿ ಮೋಸ. ಪಟ್ಟಿ ಬರೆದವರಿಗೂ ರಾಯರ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ಹೋದ ವಾರ ಹೆಂಡತಿಯ ಸರದಿ. ಪಟ್ಟಿ ಹೊಸದಾಗಿತ್ತು, ಲೆನ್ಸು ನಾಲ್ಕು. ರಾಯರ ಬೆರಳು ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಗಾಳಿಯಲ್ಲೇ ನಿಂತಿತು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಎಣಿಸಿದರು. “ಇದರಲ್ಲಿ ಒಂದನ್ನ ತೆಗೆದುಬಿಡಿಯಮ್ಮ” ಎಂದು ಕೌಂಟರಿನ ಹುಡುಗಿಯನ್ನು ಕೇಳಿಯೂ ನೋಡಿದರು.

ಅಷ್ಟರಲ್ಲಿ ಅವರ ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದ ಹೆಂಗಸನ್ನು ಮಾತಾಡಿಸಿ, ಯಾವುದು ಹಾಕಿಸಿದಿರಿ, ಸೂಜಿಗೆ ದಾರ ಪೋಣಿಸೋಕಾಗುತ್ತಾ, ರಾತ್ರಿ ಎದುರಿನ ಗಾಡಿ ದೀಪ ಕಣ್ಣು ಕುಕ್ಕುತ್ತಾ ಎಂದೆಲ್ಲ ವಿಚಾರಿಸಿಕೊಂಡರು. ಆಮೇಲೆ ಡಾಕ್ಟರ ಕೋಣೆಗೆ ಹೋಗಿ ಅದೇ ಪ್ರಶ್ನೆಗಳನ್ನು ಅವರನ್ನೂ ಕೇಳಿ ಬಂದರು.

“ಮೊದಲನೇದೇ ಸಾಕಂತೆ, ಬರೆಸಿ ಬಂದೆ” ಎಂದರು. “ಇನ್ನೂ ಪಟ್ಟಿ ಇಟ್ಕೊಂಡು ಏನು ನೋಡ್ತಿದ್ದೀರಿ? ನಡೀರಿ, ಕ್ಯಾಂಟೀನಲ್ಲಿ ಕಾಫಿ ಕುಡಿಯೋಣ.”

ಕ್ಯಾಂಟೀನು ಎರಡನೇ ಮಹಡಿಯ ಕೆಳಗಿತ್ತು. ರಾಯರು ಒಳಗೆ ಬರಲಿಲ್ಲ.